ಕಥೆ ಹೇಳಿ ಮುಗಿಸಿದರೆ ಕಾಮಿಕ್ಸ್ ವಿಮರ್ಶೆ ಆಗುವುದಿಲ್ಲ

ಹೊಸ ಕಾಮಿಕ್ಸ್, ಗ್ರಾಫಿಕ್ ಕಾದಂಬರಿಗಳ ಬಗ್ಗೆ ಬರೆಯುವವರಿಂದ ಕೆಲವು ಪ್ರಶ್ನೆಗಳು ಪ್ರತಿ ಸಲವೂ ಬರುತ್ತವೆ. ಹಿಂದೆಯೂ ಉತ್ತರ ಕೊಟ್ಟಿದ್ದೇನೆ, ಮತ್ತೆ ಬಂದಿವೆ. ಈ ಸಲ ಒಂದಕ್ಕೆ ಕೂತು ಪೂರ್ತಿ ಬರೆದಿದ್ದೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಕಾಮಿಕ್ಸ್ ಮತ್ತು ಗ್ರಾಫಿಕ್ ಕಾದಂಬರಿ, ಇವೆರಡರಲ್ಲಿ ಯಾವುದು ಮೇಲು ಮೇಡಂ?

ಎರಡೂ ಒಂದೇ ಮಾಧ್ಯಮ. ಮೇಲು ಕೀಳಿನ ಮಾತೇ ಇಲ್ಲ.

ನಾನು ಹೊಸ ಗ್ರಾಫಿಕ್ ಕಾದಂಬರಿಗಳ ವಿಮರ್ಶೆ ಬರೆಯುತ್ತೇನೆ. ಕಥೆ ಹೇಳುತ್ತೇನೆ, ಪಾತ್ರಗಳ ಬಗ್ಗೆ ಬರೆಯುತ್ತೇನೆ, ಕೊನೆಗೆ "ಚಿತ್ರಗಳು ಸೊಗಸಾಗಿವೆ" ಅಂತ ಸೇರಿಸುತ್ತೇನೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಚಿತ್ರದ ಬಗ್ಗೆ ಇನ್ನೇನು ಬರೆಯಲಿ?

ಮೊದಲು ಆ ಕೊನೆಯ ಸಾಲನ್ನು ಅಳಿಸಿಬಿಡಿ. ಸಂಗೀತ ಕಚೇರಿಗೆ ಹೋಗಿ ಬಂದವರು ದಾಸರ ಪದದ ಅರ್ಥವನ್ನು ಎರಡು ಪುಟ ಬರೆದು, ಕೊನೆಗೆ "ಹಾಡಿದ್ದೂ ಚೆನ್ನಾಗಿತ್ತು" ಅಂದರೆ ನೀವು ಒಪ್ಪುತ್ತೀರಾ? ನಿಮ್ಮ ವಿಮರ್ಶೆಯೂ ಹಾಗೇ ಆಗುತ್ತಿದೆ. ನನಗೆ ಬರುವ ಹತ್ತರಲ್ಲಿ ಎಂಟು ಬರಹಗಳು ಹೀಗೇ ಇರುತ್ತವೆ. ಓದುವಾಗ ಬೇಸರವಾಗುತ್ತದೆ, ಯಾಕೆಂದರೆ ಒಬ್ಬ ಕಲಾವಿದ ವರ್ಷಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಎರಡೇ ಪದ ಸಿಕ್ಕಿರುತ್ತದೆ.

ಒಂದು ಪುಸ್ತಕ ಹಿಡಿದು ಹೇಳುತ್ತೇನೆ. 2011ರಲ್ಲಿ ನವಯಾನ ಪ್ರಕಾಶನದಿಂದ "ಭೀಮಾಯಣ" ಬಂತು. ಅಂಬೇಡ್ಕರ್ ಅವರ ಬದುಕಿನ ಕಥೆ. ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್. ಚಿತ್ರ ಬಿಡಿಸಿದವರು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಮಧ್ಯಪ್ರದೇಶದ ಪರ್ಧಾನ್ ಗೊಂಡ ಬುಡಕಟ್ಟಿನ ಕಲಾವಿದರು. ಇದರ ಕಥೆಯನ್ನಷ್ಟೇ ಹೇಳಿದರೆ ಓದುಗರಿಗೆ ಹೊಸದಾಗಿ ಏನು ಸಿಗುತ್ತದೆ? ಶಾಲೆಯಲ್ಲಿ ನೀರು ಮುಟ್ಟಲು ಬಿಡದಿದ್ದುದು, ಮಹಾಡ್ ಕೆರೆಯ ಹೋರಾಟ, ಇವು ಹೆಚ್ಚಿನವರಿಗೆ ಗೊತ್ತು. ಹೊಸದು ಇರುವುದು ಚಿತ್ರದಲ್ಲಿ.

ಮಾತಿನ ಗುಳ್ಳೆಗಳನ್ನೇ ನೋಡಿ. ಕೆಡುಕು ಬಯಸದವರ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬರುತ್ತದೆ. ಜಾತಿಯ ವಿಷ ಕಾರುವವರ ಗುಳ್ಳೆಗೆ ಚೇಳಿನ ಕೊಂಡಿ ಇದೆ. ಮನಸ್ಸಿನಲ್ಲೇ ಅಂದುಕೊಂಡ ಮಾತಿಗೆ ಒಂದು ಕಣ್ಣು. ಅಕ್ಷರ ಬಾರದ ಮಗುವಿಗೂ ಯಾರ ಮಾತು ಕುಟುಕುತ್ತದೆ ಅಂತ ತಿಳಿಯುತ್ತದೆ. ಒಂದೊಂದು ಚಿತ್ರವನ್ನು ಕೂರಿಸುವ ಚೌಕಗಳೂ ಪುಟದಲ್ಲಿ ಇಲ್ಲ. ಪಾತ್ರಗಳನ್ನು ಪೆಟ್ಟಿಗೆಯೊಳಗೆ ತುಂಬಿದರೆ ಉಸಿರುಕಟ್ಟುತ್ತದೆ, ನಮಗೆ ಬಯಲು ಬೇಕು ಅಂತ ಆ ಕಲಾವಿದರು ಹೇಳಿದ್ದರು. ಅವರ ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸಗಳೇ ಪುಟವನ್ನು ಭಾಗ ಮಾಡುತ್ತವೆ. ಊರಿನ ಕೆರೆ, ದಾರಿ, ಮನೆ ಎಲ್ಲದರಿಂದ ಹೊರಗಿಟ್ಟವರ ಕಥೆಯನ್ನು ಗೆರೆ ಹಾಕಿದ ಚೌಕಗಳೇ ಇಲ್ಲದ ಪುಟದಲ್ಲಿ ಹೇಳಿದ್ದಾರೆ. ವಿಮರ್ಶೆಯಲ್ಲಿ ಬರಬೇಕಾದದ್ದು ಇದು. ಇದನ್ನು ಗಮನಿಸಲು ಚಿತ್ರ ಬಿಡಿಸಲು ಬರಬೇಕಾಗಿಲ್ಲ, ನೋಡಲು ಸಮಯ ಕೊಡಬೇಕು.

ನಾನು ಮಾಡುವುದು ಹೀಗೆ. ಮೊದಲ ಸಲ ಸುಮ್ನೆ ಕಥೆಗಾಗಿ ಓದುತ್ತೇನೆ. ಎರಡನೇ ಸಲ ಮಾತು ಓದುವುದೇ ಇಲ್ಲ, ಚಿತ್ರ ಮಾತ್ರ ನೋಡುತ್ತೇನೆ. ಪಕ್ಕದಲ್ಲಿ ನೋಟ್‌ಬುಕ್ಕು ಇರುತ್ತದೆ. ಪುಟಕ್ಕೆ ಎಷ್ಟು ಚೌಕ ಅಂತ ಎಣಿಸುತ್ತೇನೆ. ಲೆಕ್ಕ ಎಲ್ಲಿ ಬದಲಾಯಿತೋ ಅಲ್ಲಿ ನಿಲ್ಲುತ್ತೇನೆ. 1986-87ರಲ್ಲಿ 12 ಸಂಚಿಕೆಗಳಲ್ಲಿ ಬಂದ "ವಾಚ್‌ಮೆನ್" ಅನ್ನುವ ಇಂಗ್ಲಿಷ್ ಕಾಮಿಕ್ಸ್ ಹೆಚ್ಚಾಗಿ ಪುಟಕ್ಕೆ ಒಂಬತ್ತು ಚೌಕಗಳ ಅಳತೆಯಲ್ಲಿ ನಡೆಯುತ್ತದೆ. ಅದರ 5ನೇ ಸಂಚಿಕೆಯಲ್ಲಿ ಮೊದಲ ಪುಟದ ಜೋಡಣೆಗೆ ಕೊನೆಯ ಪುಟ ಕನ್ನಡಿ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ ನಡುವಿನವರೆಗೂ. ಕಥೆಗಾಗಿ ಓಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಚೌಕಗಳ ನಡುವಿನ ಬಿಳಿ ಸಂದನ್ನೂ ನೋಡಿ. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಲೌಡ್ 1993ರ ತಮ್ಮ "ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್" ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಒಂದು ಚೌಕದಲ್ಲಿ ಎತ್ತಿದ ಕೊಡಲಿ, ಮುಂದಿನದರಲ್ಲಿ ರಾತ್ರಿಯ ಊರಿನ ಮೇಲೆ ಒಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಕಲಾವಿದ ಬಿಡಿಸಿಲ್ಲ. ಅದನ್ನು ಬೀಳಿಸಿದ್ದು ಓದುಗ. ಹೊಸ ಪುಸ್ತಕವೊಂದು ಆ ಸಂದಿನಲ್ಲಿ ನಿಮಗೆ ಏನನ್ನು ಬಿಟ್ಟುಕೊಟ್ಟಿದೆ, ಏನನ್ನು ಬಿಡದೆ ಎಲ್ಲವನ್ನೂ ತೋರಿಸಿದೆ ಅಂತ ಕೇಳಿಕೊಳ್ಳಿ. ಬರೆಯಲು ಬೇಕಾದಷ್ಟು ಸಿಗುತ್ತದೆ.

ಇನ್ನೊಂದು ತಪ್ಪು ನಂಬಿಕೆ ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದರೆ ಮಾತ್ರ ಒಳ್ಳೆಯ ಚಿತ್ರ ಅನ್ನುವುದು. ನಮ್ಮಲ್ಲಿ ಎಷ್ಟೋ ಜನ "ಅಮರ ಚಿತ್ರಕಥೆ" ಓದಿ ಬೆಳೆದವರು. ಅದನ್ನು ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು, ನನಗೂ ಆ ಪುಸ್ತಕಗಳ ಮೇಲೆ ಪ್ರೀತಿ ಇದೆ. ಆದರೆ ಅದೇ ಅಳತೆಗೋಲು ಹಿಡಿದು ಆರ್ಟ್ ಸ್ಪೀಗೆಲ್ಮನ್ ಅವರ ಗ್ರಾಫಿಕ್ ಕಾದಂಬರಿ "ಮೌಸ್" ಓದಿ "ಗೆರೆ ಒರಟು" ಅಂತ ಬರೆಯುವುದು ತಪ್ಪು. ಸಾಮಾನ್ಯವಾಗಿ ಕಲಾವಿದರು ದೊಡ್ಡದಾಗಿ ಬಿಡಿಸಿ, ಅಚ್ಚಿಗೆ ಚಿಕ್ಕದು ಮಾಡುತ್ತಾರೆ. ಆಗ ಗೆರೆ ನಯವಾಗಿ ಕಾಣುತ್ತದೆ. ಸ್ಪೀಗೆಲ್ಮನ್ ಅಚ್ಚಾಗುವ ಅಳತೆಯಲ್ಲೇ ಬಿಡಿಸಿದರು. ಅದಕ್ಕೇ ಅದು ಕೈಬರಹದ ಡೈರಿಯ ಹಾಗೆ ಕಾಣುತ್ತದೆ. ನಾಜಿಗಳ ಶಿಬಿರದಿಂದ ಬದುಕಿ ಬಂದ ತಂದೆಯ ಕಥೆಗೆ ಆ ಒರಟುತನ ಬೇಕಿತ್ತು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಿಕ್ಕಿತು.

ಅನುವಾದವಾದರೆ ಅಕ್ಷರವನ್ನೂ ನೋಡಿ. ಕನ್ನಡಕ್ಕೆ ಒತ್ತಕ್ಷರ ಇದೆ, ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷ್ ಮಾತಿಗೆ ಅಳೆದು ಬರೆದ ಗುಳ್ಳೆಯಲ್ಲಿ ಅದನ್ನು ಹಾಗೇ ತುರುಕಿದರೆ ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಅದನ್ನು ಬರೆಯಿರಿ. ಬಣ್ಣ ಹಾಕಿದವರು, ಅಕ್ಷರ ಬರೆದವರು, ಅನುವಾದಕರು, ಎಲ್ಲರ ಹೆಸರೂ ಬರಲಿ.

ಕೊನೆಗೆ ಒಂದೇ ಪುಟ ಆರಿಸಿಕೊಂಡು ಅದರ ಬಗ್ಗೆ 200 ಪದ ಬರೆಯಿರಿ. "ಅದ್ಭುತ" ಅನ್ನಬೇಡಿ. "ಈ ಪುಟದಲ್ಲಿ ಮೊದಲ ಸಲ ಚೌಕದ ಗೆರೆ ಮಾಯವಾಗಿದೆ, ಅಮ್ಮ ತೀರಿಕೊಂಡ ಸುದ್ದಿ ಬಂದಿರುವುದು ಇಲ್ಲೇ" ಅನ್ನಿ. ಅಷ್ಟು ಸಾಕು, ಓದುಗರು ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ.

ಪ್ರಕಾಶಕರು ಪಿಡಿಎಫ್ ಕಳಿಸುತ್ತಾರೆ. ಮೊಬೈಲ್‌ನಲ್ಲಿ ಓದಿ ಬರೆಯಬಹುದಾ?

ಬೇಡ. ನಾನು ಒಮ್ಮೆ ಹಾಗೆ ಓದಿ, ಎದುರುಬದುರು ಪುಟಗಳಲ್ಲಿ ಹರಡಿದ್ದ ಒಂದೇ ಚಿತ್ರವನ್ನು ಎರಡು ಬೇರೆ ಚಿತ್ರ ಅಂದುಕೊಂಡು ಬರೆದೆ. ಅಚ್ಚಾದ ಪುಸ್ತಕ ಕೈಗೆ ಬಂದಾಗ ತಪ್ಪು ಗೊತ್ತಾಯಿತು. ಕಲಾವಿದರಿಗೆ ಕ್ಷಮೆ ಕೇಳಿ ಪತ್ರ ಬರೆದೆ. ಅವತ್ತಿನಿಂದ ಪುಸ್ತಕವೇ ಬೇಕು ಅಂತ ಹಟ ಹಿಡಿಯುತ್ತೇನೆ. ಸಿಗದೇ ಹೋದರೆ ದೊಡ್ಡ ಪರದೆಯಲ್ಲಿ, ಎರಡು ಪುಟ ಒಟ್ಟಿಗೆ ಕಾಣುವ ಹಾಗೆ, ಮುಖಪುಟವನ್ನು ಬೇರೆ ಬಿಟ್ಟು ಓದಿ. ಇಲ್ಲದಿದ್ದರೆ ಜೋಡಿ ತಪ್ಪುತ್ತದೆ. ಹಾಳೆ ತಿರುವಿದ ಕೂಡಲೇ ಕಾಣಲಿ ಅಂತ ಎಡ ಪುಟದಲ್ಲಿಟ್ಟ ಚಿತ್ರ ಬಲಕ್ಕೆ ಬಂದು ಕೂರುತ್ತದೆ.

"ಹತ್ತು ನಿಮಿಷದಲ್ಲಿ ಪೂರ್ತಿ ಕಥೆ" ಅನ್ನುವ ವಿಡಿಯೋ ನೋಡಿ ವಿಮರ್ಶೆ ಬರೆದರೆ ತಪ್ಪಾ?

ತಪ್ಪು. ಪುಟ ಪುಟವನ್ನೂ ತೋರಿಸಿ ಕಥೆ ಒದರುವವರು ಕಲಾವಿದರ ಅನ್ನ ಕಸಿಯುತ್ತಿದ್ದಾರೆ. ಅವರನ್ನು ವಿಮರ್ಶಕರು ಅಂತ ಕರೆಯಬೇಡಿ. ದುಡ್ಡು ತೆಗೆದುಕೊಂಡು ಐದು ಸ್ಟಾರ್ ಕೊಡುವವರನ್ನೂ ಕರೆಯಬೇಡಿ.

ಸರಣಿಯ ಮೊದಲ ಸಂಚಿಕೆ ಮಾತ್ರ ಬಂದಿದೆ. ತೀರ್ಪು ಕೊಡಬಹುದಾ?

ಆ ಸಂಚಿಕೆಗೆ ಮಾತ್ರ ಕೊಡಿ.

ಜಪಾನಿನ ಕಾಮಿಕ್ಸ್ ಆದ ಮಾಂಗಾವನ್ನು ಬಲದಿಂದ ಎಡಕ್ಕೆ ಓದುವುದು ಕಷ್ಟ. ವಿಮರ್ಶೆಯಲ್ಲಿ ಇದನ್ನು ದೋಷ ಅಂತ ಹೇಳಬಹುದಾ?

ಇಲ್ಲ. ಇಪ್ಪತ್ತು ಪುಟ ಓದಿ, ರೂಢಿಯಾಗುತ್ತದೆ.

ಹತ್ತು ವರ್ಷದ ಮಗಳಿಗೆ ಗ್ರಾಫಿಕ್ ಕಾದಂಬರಿ ಕೊಡಬಹುದಾ ಮೇಡಂ? ಚಿತ್ರ ಇದೆ ಅಂದರೆ ಮಕ್ಕಳದ್ದೇ ಅಲ್ವಾ?

ಅಲ್ಲ. "ಮೌಸ್" ಪುಸ್ತಕದಲ್ಲಿ ಇಲಿಗಳಿವೆ, ಗ್ಯಾಸ್ ಚೇಂಬರ್ ಕೂಡ ಇದೆ. ಮೊದಲು ನೀವು ಓದಿ, ಆಮೇಲೆ ಕೊಡಿ.