ಪ್ರತಿಕ್ರಿಯೆ: ೧.೮ ರಿಂದ ೨.೮ ಕ್ಕೆ ಹೋದ ಮೇಲೆ ಹೆಚ್‌ಎಪ್ರಾಕ್ಸಿ ಶುರುವಾಗ್ತಿಲ್ಲ, ರೆಕ್‌ರೆಪ್ ಸಾಲಿನಲ್ಲಿ ಎರರ್

ಹೆಚ್‌ಎಪ್ರಾಕ್ಸಿ (ಬಂದ ವೆಬ್ ರಿಕ್ವೆಸ್ಟ್‌ಗಳನ್ನು ಹಿಂದಿನ ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಶುರುವಾಗದಿರಲು ಕಾರಣ, ಬ್ಲಾಗ್ ನೋಡಿ ನೀವು ಹಾಕಿದ ಆ ರೆಕ್‌ರೆಪ್ (ರಿಕ್ವೆಸ್ಟ್‌ನಲ್ಲಿ ಹುಡುಕಿ ಬದಲಿಸುವ ಆಜ್ಞೆ) ಸಾಲೇ. ೨.೧ ರಿಂದ ಅದನ್ನು ತೆಗೆದುಹಾಕಿದ್ದಾರೆ. ನೀವು ನೋಡಿದ ಬ್ಲಾಗ್ ಹಳೇ ಕಾಲದ್ದು.

ಮೊದಲು ಹೆಚ್‌ಎಪ್ರಾಕ್ಸಿ -ವಿ ಕೊಟ್ಟು ಓಡುತ್ತಿರುವ ಆವೃತ್ತಿ ನೋಡಿ, ಅದೇ ಆವೃತ್ತಿಯ ಕಾನ್ಫಿಗರೇಶನ್ ಮ್ಯಾನ್ಯುಯಲ್ ತೆರೆಯಿರಿ. ಪ್ರತಿ ಆವೃತ್ತಿಗೂ ಬೇರೆ ಮ್ಯಾನ್ಯುಯಲ್ ಇದೆ, ಗೂಗಲ್ ಸುಮ್ನೆ ಯಾವುದೋ ಒಂದನ್ನು ಮೇಲೆ ತೋರಿಸುತ್ತೆ.

ನಿಮಗೆ ಬೇಕಿರುವುದು ಪಾತ್‌ನಿಂದ (ವಿಳಾಸದಲ್ಲಿ ಹೋಸ್ಟ್ ಹೆಸರಿನ ನಂತರದ ಭಾಗ) /ಎಪಿಐ ಕತ್ತರಿಸುವುದು, ಅಲ್ವಾ? ಹಾಗಿದ್ದರೆ ರೆಕ್‌ರೆಪ್ ಸಾಲು ಅಳಿಸಿ, ಬ್ಯಾಕೆಂಡ್ (ಹಿಂದಿನ ಸರ್ವರ್‌ಗಳ ವಿಭಾಗ) ಒಳಗೆ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ:

ಹೆಚ್‌ಟಿಟಿಪಿ-ರಿಕ್ವೆಸ್ಟ್ ರಿಪ್ಲೇಸ್-ಪಾತ್ ^/ಎಪಿಐ/(.*) /\1

ಹಳೇ ರೆಜೆಕ್ಸ್ (ಹುಡುಕುವ ಪಠ್ಯದ ನಮೂನೆ) ಹಾಗೇ ಅಂಟಿಸಬೇಡಿ. ರೆಕ್‌ರೆಪ್ ನೋಡುತ್ತಿದ್ದದ್ದು ಗೆಟ್, ಪೋಸ್ಟ್ ಎಲ್ಲಾ ಸೇರಿದ ಇಡೀ ರಿಕ್ವೆಸ್ಟ್ ಸಾಲನ್ನು, ಇದು ನೋಡುವುದು ಪಾತ್ ಮಾತ್ರ, ಹಾಗಾಗಿ ಗೆಟ್, ಪೋಸ್ಟ್ ಹಿಡಿಯುತ್ತಿದ್ದ ಮೊದಲ ಗುಂಪು (ಆವರಣದೊಳಗಿನ ಭಾಗ) ಹೋಗಿ \2 ಇದ್ದದ್ದು \1 ಆಗುತ್ತೆ. ಪ್ರಶ್ನೆಚಿಹ್ನೆಯ ನಂತರದ್ದನ್ನು ಇದು ಮುಟ್ಟಲ್ಲ, ತಾನಾಗೇ ಉಳಿಯುತ್ತೆ. ರಿಪ್ಲೇಸ್-ಯುಆರ್‌ಐ ಅಂತಲೂ ಒಂದಿದೆ, ಆದರೆ ಹೆಚ್‌ಟಿಟಿಪಿ/೨ ನಲ್ಲಿ ಯುಆರ್‌ಐ ಸಾಮಾನ್ಯವಾಗಿ ಹೋಸ್ಟ್ ಸಮೇತ ಬರುತ್ತೆ, ಆಗ ^/ ಹೊಂದಲ್ಲ. ಇದು ಆಮೇಲೆ ಜಾಸ್ತಿ ತಲೆ ತಿನ್ನುವ ವಿಷಯ.

ಈ ಸಾಲನ್ನು ಫ್ರಂಟೆಂಡ್‌ನಲ್ಲಿ (ರಿಕ್ವೆಸ್ಟ್ ಮೊದಲು ಬರುವ ವಿಭಾಗ) ಹಾಕಬೇಡಿ. ಅಲ್ಲೇ /ಎಪಿಐ ಹೋದರೆ ಯಾವ ಬ್ಯಾಕೆಂಡ್ ಅಂತ ಆರಿಸುವ ಯೂಸ್_ಬ್ಯಾಕೆಂಡ್‌ನ ಎಸಿಎಲ್‌ಗೆ (ಷರತ್ತಿಗೆ) ಅದು ಸಿಗಲ್ಲ.

ನಿಮ್ಮ ಪೂರ್ತಿ ಫೈಲ್ ನೋಡಿಲ್ಲ, ಇನ್ನೂ ಹಳೇ ಸಾಲುಗಳಿರಬಹುದು. ಹೆಡರ್ ಬದಲಿಸುವ ರೆಕ್‌ರೆಪ್ ಇದ್ದರೆ ಅದಕ್ಕೆ ರಿಪ್ಲೇಸ್-ಹೆಡರ್. ರೀಲೋಡ್‌ಗೆ ಮುಂಚೆ ಹೆಚ್‌ಎಪ್ರಾಕ್ಸಿ -ಸಿ -ಎಫ್ ಜೊತೆ ಫೈಲ್ ಹೆಸರು ಕೊಡಿ, ಎರರ್ ಇದ್ದರೆ ಸಾಲಿನ ನಂಬರ್ ಸಮೇತ ಹೇಳುತ್ತೆ.