ಬಾವಿ ಹಗ್ಗದಲ್ಲಿ ಮರ ಹತ್ತಬೇಡಿ

ಮನೆ ಹಿಂದಿನ ಕಾಟುಮಾವಿನ ಮರವನ್ನು ಹವ್ಯಾಸಕ್ಕಾಗಿ ಹತ್ತಬೇಕು, ಬಾವಿಯ ಹಗ್ಗವೂ ತೆಂಗಿನ ಮರ ಹತ್ತುವ ಯಂತ್ರದ ಬೆಲ್ಟೂ ಇದೆ, ಸಾಕೇ ಅಂತ ಬದಿಯಡ್ಕದಿಂದ ಒಬ್ಬರು ಕೇಳಿದ್ದಾರೆ. ಸಾಲದು ಮಾರಾಯರೇ. ದಯವಿಟ್ಟು ಎರಡನ್ನೂ ಬಿಡಿ.

ಆ ಬೆಲ್ಟ್ ಇರುವುದು ಕಾಂಡಕ್ಕೆ ಆತು ನಿಂತವರಿಗೆ. ಅದರಲ್ಲಿ ನೇತಾಡಿದರೆ ಪಟ್ಟಿ ಸೊಂಟದಿಂದ ಪಕ್ಕೆಗೆ ಜಾರಿ ಉಸಿರು ಕಟ್ಟುತ್ತದೆ. ಇನ್ನು ಬಾವಿಗೆ ಹಾಕುವ ಪೇಟೆಯ ಪ್ಲಾಸ್ಟಿಕ್ ಹಗ್ಗ ಹೆಚ್ಚಾಗಿ ಪಾಲಿಪ್ರೊಪಿಲೀನ್, ಸುಮಾರು 165 ಡಿಗ್ರಿಗೇ ಕರಗುತ್ತದೆ. ಇಳಿಯುವಾಗ ನಮ್ಮ ಭಾರ ಹಿಡಿದಿರುವ ಗಂಟು ಹಗ್ಗದ ಮೇಲೆ ಉಜ್ಜಿಕೊಂಡೇ ಬರುವುದಲ್ಲವೇ? ಆ ಬಿಸಿಯನ್ನು ಅದು ತಡೆಯುವುದಿಲ್ಲ.

ಹೊಸತಾಗಿಯೇ ಕೊಳ್ಳಬೇಕಾದ್ದು ಮುಖ್ಯವಾಗಿ ನಾಲ್ಕು. ಹೆಚ್ಚು ಹಿಗ್ಗದ ಸ್ಟ್ಯಾಟಿಕ್ ಹಗ್ಗ, 12 ಮಿ.ಮೀ. ಆಸುಪಾಸು, ಇಎನ್ 1891 (ಇಂಥ ಹಗ್ಗಕ್ಕಿರುವ ಯುರೋಪಿನ ಮಾನದಂಡ) ಗುರುತಿರುವುದು. ತೊಡೆಗೂ ಪಟ್ಟಿ ಇರುವ, ಕೂರುವಂಥ ಹಾರ್ನೆಸ್. ತಾನಾಗಿ ಲಾಕ್ ಆಗುವ ಎರಡು ಕ್ಯಾರಬೀನರ್, ಅಂದರೆ ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ. ಗಲ್ಲದ ಪಟ್ಟಿಯ ಹೆಲ್ಮೆಟ್. ಹಗ್ಗ ಕೊಂಬೆಯ ಮೇಲಿನಿಂದ ಎರಡೆಳೆಯಾಗಿ ಇಳಿಯುವುದರಿಂದ 10 ಮೀಟರ್ ಎತ್ತರಕ್ಕೆ 25 ಮೀಟರ್ ಬೇಕು. ಬಂಡೆ ಹತ್ತುವವರ ಡೈನಾಮಿಕ್ ಹಗ್ಗ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಪ್ರತಿ ಎಳೆತವೂ ಅದು ಹಿಗ್ಗುವುದರಲ್ಲೇ ಮುಗಿಯುತ್ತದೆ.

ಉಳಿದದ್ದು ಮನೆಯಲ್ಲೇ ಆಗುತ್ತದೆ. ಹಳೆ ಜೀನ್ಸ್ ಬಟ್ಟೆಯ ಉದ್ದನೆ ಚೀಲ ಹೊಲಿದು, ಮೀನಿನ ಬಲೆಗೆ ಕಟ್ಟುವ ಸೀಸದ ಮಣಿ ತುಂಬಿ 350 ಗ್ರಾಂ ಮಾಡಿ. ಅದಕ್ಕೆ 2 ಮಿ.ಮೀ. ನೈಲಾನ್ ದಾರ ಕಟ್ಟಿ ಕೊಂಬೆಯ ಮೇಲಿನಿಂದ ಎಸೆಯುವುದು, ಆಮೇಲೆ ದಾರದಿಂದ ಹಗ್ಗವನ್ನು ಎಳೆದುಕೊಳ್ಳುವುದು. ಕಲ್ಲು ಕಟ್ಟಿದರೆ ಕವಲಿನಲ್ಲಿ ಸಿಕ್ಕಿಬೀಳುತ್ತದೆ, ಇಲ್ಲವೇ ಕಳಚಿ ಕೆಳಗಿದ್ದವರ ತಲೆಗೇ ಬರುತ್ತದೆ. ಹಗ್ಗ ಕೊಂಬೆಗೆ ತಾಗುವಲ್ಲಿ ಒಂದು ಮೀಟರ್ ಹಳೆ ನೀರಿನ ಪೈಪ್ ತೂರಿಸಿ. ಮರದ ತೊಗಟೆಯೂ ಉಳಿಯುತ್ತದೆ, ಹಗ್ಗವೂ ಬಾಳುತ್ತದೆ.

ಮರ ನೋಡುವಾಗ ಅವಸರ ಬೇಡ. ಹಗ್ಗ ಹಾಕುವ ಕೊಂಬೆ ಹಸಿಯಾಗಿರಬೇಕು, 15 ಸೆಂ.ಮೀ. ದಪ್ಪ ಇರಬೇಕು, ಹಗ್ಗ ಕಾಂಡದ ಪಕ್ಕದಲ್ಲೇ ಕೂರಬೇಕು. ನಮ್ಮ ಮಾವು, ಹಲಸಿಗೆ ಬಂದಳಿಕೆ ಜಾಸ್ತಿ. ಅದು ಹಿಡಿದಲ್ಲಿಂದ ಆಚೆ ಕೊಂಬೆ ಒಣಗಿರುತ್ತದೆ, ಎಲೆ ಮಾತ್ರ ಬಂದಳಿಕೆಯದೇ ಹಸಿರಾಗಿ ಕಾಣುತ್ತದೆ. ಕೆಳಗಿನಿಂದ ನೋಡಿ ಮೋಸ ಹೋಗುವುದು ಇಲ್ಲೇ. ನುಗ್ಗೆ, ಹಾಲುವಾಣ ಬೇಡವೇ ಬೇಡ, ಪಕ್ಕನೆ ಮುರಿಯುತ್ತವೆ. ಚೇರಿನ ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಚಗಳಿ ಇರುವೆಯ ಗೂಡು, ಜೇನು, ಬುಡದಲ್ಲಿ ಅಣಬೆ ಇದೆಯೇ ನೋಡಿ. ಕರೆಂಟಿನ ತಂತಿ ಕೊಂಬೆಗಳ ನಡುವೆ ಹಾದಿದ್ದರೆ ಆ ಮರವೇ ಬೇಡ.

ಈಗ ಗಂಟು. ಹಗ್ಗದ ಒಂದು ತುದಿಯಲ್ಲಿ ಒಂದೂಕಾಲು ಮೀಟರ್ ಬಾಲ ಬಿಟ್ಟು, ಇಂಗ್ಲಿಷ್ 8ರ ಆಕಾರದ ಗಂಟಿನ ಕುಣಿಕೆ ಮಾಡಿ ಸೊಂಟದ ಕ್ಯಾರಬೀನರಿಗೆ ಹಾಕಿ. ಆ ಬಾಲವನ್ನು ಇನ್ನೊಂದು ಎಳೆಗೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಸುತ್ತಿ, ಮೊದಲ ಎರಡು ಸುತ್ತು ಹೆಬ್ಬೆರಳನ್ನೂ ಸೇರಿಸಿ. ತುದಿಯನ್ನು ಕೆಳಗೆ ತಂದು, ಸೊಂಟದಿಂದ ಬರುವ ಎಳೆಯ ಮುಂದಿನಿಂದ ದಾಟಿಸಿ, ಹಗ್ಗದ ಹಿಂದಿನಿಂದ ಸುತ್ತಿ, ಹೆಬ್ಬೆರಳಿದ್ದ ಸಂದಿಯಲ್ಲಿ ತೂರಿಸಿ. ಇದು ಬ್ಲೇಕ್ಸ್ ಹಿಚ್, ಭಾರ ಬಿದ್ದರೆ ಹಗ್ಗವನ್ನು ಹಿಡಿದು ನಿಲ್ಲುವ, ಕೈಯಿಂದ ಸರಿಸಬಹುದಾದ ಗಂಟು. ಸೊಂಟದ ಎಳೆಯನ್ನು ದಾಟಿಸದೆ ತೂರಿಸಿದರೂ ನೋಡಲಿಕ್ಕೆ ಹಾಗೇ ಇರುತ್ತದೆ, ಆದರೆ ಭಾರ ಬಿದ್ದಾಗ ಬಿಚ್ಚಿಹೋಗುತ್ತದೆ. ಹಾಗಾಗಿ ಪ್ರತಿ ಸಲ ಇನ್ನೊಬ್ಬರಿಗೆ ತೋರಿಸಿ. ಬಾಲದ ತುದಿಗೂ, ನೆಲದಲ್ಲಿರುವ ಹಗ್ಗದ ತುದಿಗೂ ಒಂದೊಂದು ತಡೆಗಂಟು ಹಾಕಲೇಬೇಕು.

ಹತ್ತುವ ಮೊದಲು ಇಬ್ಬರು ಸೇರಿ ಎರಡೂ ಎಳೆಗೆ ಒಟ್ಟಿಗೆ ಜೋತುಬಿದ್ದು ಒಂದು ನಿಮಿಷ ಕಿವಿಗೊಡಿ. ಚಟ್ ಎಂದರೆ ಕೊಂಬೆ ಬದಲಿಸಿ. ಹಿಚ್‌ನ ಕೆಳಗೆ 7 ಮಿ.ಮೀ. ಹುರಿಯ ಪ್ರೂಸಿಕ್ ಕುಣಿಕೆ (ಹಗ್ಗಕ್ಕೆ ಸುತ್ತಿ ಹಾಕುವ, ಭಾರ ಬಿದ್ದಾಗ ಬಿಗಿಯುವ ಕುಣಿಕೆ) ಕಟ್ಟಿ ಅದಕ್ಕೆ ಕಾಲು ಕೊಡಿ. ಒಂಥರಾ ಅಡಿಕೆ ಮರ ಹತ್ತುವವರು ಕಾಲಿಗೆ ಹಾಕುವ ತಳೆಯ ಹಾಗೇ. ಕಾಲಲ್ಲಿ ಒತ್ತಿ ಎದ್ದು, ಕೈಯಿಂದ ಹಿಚ್ ಮೇಲೆ ಸರಿಸುವುದು. ಎರಡು ಮೀಟರ್ ಹಗ್ಗ ಎಳೆದರೆ ನೀವು ಏರುವುದು ಒಂದೇ ಮೀಟರ್. ಮೊದಲ ವಾರ ನೆಲದಿಂದ ಒಂದು ಮೀಟರ್ ಮೇಲೆ ಏರಿ ಇಳಿಯುವುದಷ್ಟೇ ಮಾಡಿ. ಇಳಿಯುವಾಗ ಹಿಚ್‌ನ ನೆತ್ತಿಯನ್ನು ಮೆಲ್ಲ ಒತ್ತಿ. ಭರ್ರನೆ ಇಳಿದರೆ ಹಗ್ಗದ ಮೈ ಕರಗಿ ಗಾಜಿನ ಹಾಗೆ ನುಣ್ಣಗಾಗುತ್ತದೆ, ಆಮೇಲೆ ಆ ಜಾಗದಲ್ಲಿ ಹಿಚ್ ಹಿಡಿಯುವುದಿಲ್ಲ.

ಹಗ್ಗ ಯಾವಾಗಲೂ ಬಿಗಿಯಾಗಿರಲಿ. ಸ್ಟ್ಯಾಟಿಕ್ ಹಗ್ಗ ಹೆಚ್ಚು ಹಿಗ್ಗುವುದಿಲ್ಲವಾದ್ದರಿಂದ ಅರ್ಧ ಮೀಟರ್ ಸಡಿಲ ಬಿದ್ದರೂ ಏಟು ನೇರ ಬೆನ್ನಿಗೆ. ಹಗ್ಗ ಹಾಕಿದ ಕೊಂಬೆಗಿಂತ ಮೇಲೆ ಹೋಗಲೇಬೇಡಿ.

ಒಬ್ಬರೇ ಹತ್ತಬೇಡಿ. ಹಾರ್ನೆಸ್‌ನಲ್ಲಿ ಅಲ್ಲಾಡದೆ ನೇತಾಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ತಲೆ ತಿರುಗಿ ಎಚ್ಚರ ತಪ್ಪಬಹುದು. ಕೆಳಗೆ ನಿಂತವರಿಗೂ ಹತ್ತಿ ಇಳಿಸಲು ಗೊತ್ತಿರಬೇಕು. ಪತ್ತನಾಜೆ (ಮೇ ಕೊನೆ) ಕಳೆದರೆ ಮಳೆಗೆ ತೊಗಟೆಯಲ್ಲಿ ಪಾಚಿ, ಹಗ್ಗ ಎತ್ತಿಡಿ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಮೇಲೆ ಸಿಡಿಲು, ಹಾಗಾಗಿ ಬೆಳಿಗ್ಗೆ ಮಾತ್ರ. ನಿಮ್ಮ ಮರದ ಕವಲಿನ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ಹಗ್ಗ ಎಲ್ಲಿ ಕೂರಿಸುವುದೆಂದು ನೋಡೋಣ.