ಹೆರಿಗೆಯ ಬ್ಯಾಗ್: ಕಟ್ಟುವುದು ನೀವು, ತೆರೆಯುವುದು ಬೇರೆಯವರು

ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದ ಸಿಸ್ಟರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಸಿಸ್ಟರ್, ನನಗೆ ಇದು ಮೊದಲ ಹೆರಿಗೆ. ಈಗ 34 ವಾರ. ಹೆಬ್ರಿ ಹತ್ತಿರ ತಾಯಿಮನೆಗೆ ಬಂದಿದ್ದೇನೆ. ಹೆರಿಗೆ ಉಡುಪಿಯಲ್ಲಿ. ಡಾಕ್ಟರು ಕೊಟ್ಟ ದಿನ ಸರಿಯಾಗಿ ಜೋರು ಮಳೆಯ ಆಟಿ ತಿಂಗಳಲ್ಲೇ ಬರುತ್ತದೆ. ಮೊಬೈಲಿನಲ್ಲಿ ಸಿಕ್ಕಿದ ಪಟ್ಟಿಯಲ್ಲಿ ಐವತ್ತು ಸಾಮಾನು ಇದೆ. ಅಮ್ಮ ಮಾತ್ರ ‘ಎರಡು ಹಳೆ ಪಂಚೆ ಸಾಕು’ ಅನ್ನುತ್ತಾರೆ. ಯಾವುದು ಸರಿ? ಯಾವಾಗ ಕಟ್ಟಿಡಬೇಕು?

ಉತ್ತರ: ಅಮ್ಮನ ಮಾತೇ ಹೆಚ್ಚು ಸರಿ. ಆದರೆ ಆಟಿಯ ಮಳೆಗೆ ಎರಡು ಪಂಚೆ ಸಾಲದು.

ಪಟ್ಟಿಗಿಂತ ಮೊದಲು ಒಂದು ಮಾತು ಹೇಳುತ್ತೇನೆ. ಬ್ಯಾಗ್ ಬೇಕಾಗುವ ಹೊತ್ತಿಗೆ ನೀವು ಲೇಬರ್ ರೂಮಿನ ಒಳಗೆ ಇರುತ್ತೀರಿ. ಬ್ಯಾಗ್ ಹೊರಗೆ ಅಮ್ಮನ ಹತ್ತಿರವೋ ಗಂಡನ ಹತ್ತಿರವೋ ಇರುತ್ತದೆ. ಸಿಸ್ಟರ್ ಬಾಗಿಲು ಅರ್ಧ ತೆರೆದು ‘ಮಗುವಿನ ಬಟ್ಟೆ ಕೊಡಿ’ ಅಂತಾರೆ. ಪಾಪ, ಗಂಡ ಇಡೀ ಬ್ಯಾಗನ್ನು ವರಾಂಡದ ನೆಲಕ್ಕೆ ಸುರಿದು ಹುಡುಕುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಬಟ್ಟೆ ಎಲ್ಲಕ್ಕಿಂತ ಅಡಿಯಲ್ಲಿರುತ್ತದೆ, ನೈಟಿಗಳ ಕೆಳಗೆ. ಆಗಷ್ಟೇ ಹುಟ್ಟಿದ ಮಗುವಿನ ಮೈ ಒದ್ದೆ ಇರುತ್ತದೆ, ಬೇಗ ತಣ್ಣಗಾಗುತ್ತದೆ. ಕೂಡಲೇ ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಒಣ ಬಟ್ಟೆ ಹೊದೆಸಬೇಕು. ಆ ಹೊತ್ತಿನಲ್ಲಿ ಐದು ನಿಮಿಷ ಅಂದರೂ ಜಾಸ್ತಿಯೇ.

ಅದಕ್ಕೆ ಬ್ಯಾಗಿನೊಳಗೆ ಬೇರೆ ಬೇರೆ ಕಟ್ಟು ಮಾಡಿ. ಎಲ್ಲಕ್ಕಿಂತ ಮೇಲೆ ಫೈಲ್. ಅದರ ಕೆಳಗೆ ‘ಹುಟ್ಟಿದ ಕೂಡಲೇ’ ಅಂತ ದೊಡ್ಡದಾಗಿ ಬರೆದ ಒಂದು ಕವರ್. ಅದರಲ್ಲಿ ಮೂರು ಮೆತ್ತನೆ ಬಟ್ಟೆ, ಒಂದು ಟೊಪ್ಪಿ, ಕಾಲುಚೀಲ, ನಿಮಗೆ ಒಂದು ನೈಟಿ, ಪ್ಯಾಡು. ಅಷ್ಟೇ. ಉಳಿದದ್ದೆಲ್ಲ ವಾರ್ಡಿಗೆ ಬಂದ ಮೇಲೆ ಬೇಕಾಗುವುದು, ಕೆಳಗಿರಲಿ. ಆಸ್ಪತ್ರೆಯಲ್ಲಿ ನಿಮ್ಮ ಜೊತೆ ನಿಲ್ಲುವವರನ್ನು ಹತ್ತಿರ ಕೂರಿಸಿಕೊಂಡೇ ಕಟ್ಟಿ. ಎಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಬೇಕು.

ಈಗ ಹಳೆ ಪಂಚೆಯ ವಿಷಯ. ತೊಳೆದು ತೊಳೆದು ಮೆತ್ತಗಾದ ಬಿಳಿ ಹತ್ತಿ ಪಂಚೆಗಿಂತ ಒಳ್ಳೆಯ ಬಟ್ಟೆ ಮಗುವಿಗೆ ಇಲ್ಲ. ನೀರು ಚೆನ್ನಾಗಿ ಹೀರುತ್ತದೆ, ಚರ್ಮಕ್ಕೆ ಉಜ್ಜುವುದಿಲ್ಲ. ಆದರೆ ಅದು ಎಲ್ಲಿತ್ತು ಅಂತ ಅಮ್ಮನನ್ನು ಕೇಳಿ. ಮಳೆಗಾಲ ಅಂತ ನಮ್ಮ ಕಡೆ ಪೆಟ್ಟಿಗೆ, ಕಪಾಟುಗಳಿಗೆ ಡಾಂಬರು ಗುಳಿಗೆ ಹಾಕಿಡುತ್ತಾರೆ ಅಲ್ವಾ? ಅದರಲ್ಲಿ ನಾಫ್ತಲಿನ್ ಇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ಆ ಬಟ್ಟೆ ಸುತ್ತಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಯಾವ ಮಗುವಿಗೆ ಈ ಕೊರತೆ ಇದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಗುಳಿಗೆಯ ವಾಸನೆ ಬಂದ ಬಟ್ಟೆ ಮಗುವಿಗೆ ಬೇಡವೇ ಬೇಡ. ಸುಮ್ನೆ ಬಿಸಿಲಿಗೆ ಹಾಕಿದರೆ ಹೋಗುತ್ತದೆ ಅಂತ ನಂಬಬೇಡಿ.

ಎಂಟು ಹತ್ತು ತುಂಡು ಬೇಕು. ಆಟಿಯಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಕೊನೆಗೆ ಇಸ್ತ್ರಿ ಹಾಕಿ. ಉಳಿದ ತೇವ ಇಸ್ತ್ರಿಯಲ್ಲಿ ಹೋಗುತ್ತದೆ. ಬಟ್ಟೆ ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಒದ್ದೆ ಬಟ್ಟೆ ವಾಪಸು ತರಲು ಒಂದು ಖಾಲಿ ಕವರ್ ಇರಲಿ.

ನಿಮಗೆ ಎದೆಯ ಹತ್ತಿರ ಜಿಪ್ ಇರುವ ಮೂರ್ನಾಲ್ಕು ಹತ್ತಿ ನೈಟಿ, ಒಂದು ಶಾಲು, ಎರಡು ಬೈರಾಸು (ಟವೆಲ್), ಜಾರದ ಚಪ್ಪಲಿ. ಒಳ ಉಡುಪು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಹೊಕ್ಕುಳಿನ ಮೇಲೆ ಬರುವಂಥದ್ದು. ಸಿಸೇರಿಯನ್ ಆದರೆ ಹೊಲಿಗೆ ಕೆಳಗಿರುತ್ತದೆ, ಸಾಮಾನ್ಯ ಒಳ ಉಡುಪಿನ ಎಲಾಸ್ಟಿಕ್ ಅದರ ಮೇಲೇ ಉಜ್ಜುತ್ತದೆ. ಜೊತೆಗಿರುವವರಿಗೆ ಚಾಪೆ, ಹೊದಿಕೆ, ತಟ್ಟೆ, ಲೋಟ, ಫ್ಲಾಸ್ಕ್. ಚಿನ್ನ ಮನೆಯಲ್ಲೇ ಇರಲಿ. ಉಗುರಿನ ಬಣ್ಣ ತೆಗೆದುಬಿಡಿ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕುತ್ತಾರೆ.

ಫೈಲಿನಲ್ಲಿ ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ಮತ್ತು ರಕ್ತದ ರಿಪೋರ್ಟು, ಇಬ್ಬರ ಆಧಾರ್, ರೇಷನ್ ಕಾರ್ಡ್, ಜೆರಾಕ್ಸ್ ಎರಡು ಸೆಟ್. ಥೈರಾಯ್ಡಿಗೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಸ್ಟ್ರಿಪ್ಪನ್ನೇ ಹಾಕಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯಿರಿ. ಮಗು ಪಾಸಿಟಿವ್ ಆಗಿ ಹುಟ್ಟಿದರೆ 72 ಗಂಟೆಯೊಳಗೆ ನಿಮಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು.

36ನೇ ವಾರಕ್ಕೆ ಬ್ಯಾಗ್ ಬಾಗಿಲ ಹತ್ತಿರ ಇರಲಿ. ಅವಳಿ ಮಕ್ಕಳಿದ್ದರೆ, ಬಿಪಿ ಇದ್ದರೆ ಇನ್ನೂ ಮೊದಲು. ಉಡುಪಿ ನಿಮಗೆ 30 ಕಿಲೋಮೀಟರಿಗಿಂತ ದೂರ. ಜೋರು ಮಳೆಗೆ ಮರ ಬಿದ್ದರೆ ದಾರಿಯೇ ಬಂದ್. ಹಾಗಾಗಿ ನೋವು ಜೋರಾಗಲಿ ಅಂತ ಕಾಯಬೇಡಿ, ಒಂದೇ ಅಂತರದಲ್ಲಿ ಬರಲು ಶುರುವಾದರೆ ಹೊರಡಿ. ನೀರು ಹೋದರೆ, ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ ನೋವು ಇಲ್ಲದಿದ್ದರೂ ಕೂಡಲೇ ಹೊರಡಿ. ನೀರು ಎಷ್ಟು ಗಂಟೆಗೆ ಹೋಯಿತು, ಯಾವ ಬಣ್ಣ ಇತ್ತು ಅಂತ ನೆನಪಿಟ್ಟು ಹೇಳಿ. ಪಕ್ಕದ ಮನೆಯ ರಿಕ್ಷಾದವರಿಗೆ ಈಗಲೇ ಒಂದು ಮಾತು ಹೇಳಿಡಿ. 108 ಇದ್ದೇ ಇದೆ.

ಪ್ರಶ್ನೆ: ಮಗಳ ಹೆರಿಗೆ ಮಂಗಳೂರಿನ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಯಲ್ಲಿ. ಜೇನು, ಬಜೆ, ಕಾಡಿಗೆ, ಒಂದು ಹಾಲಿನ ಬಾಟಲಿ ಕಟ್ಟಿಟ್ಟಿದ್ದೇನೆ. ಇನ್ನೇನು ಬೇಕು? (ಸುರತ್ಕಲ್‌ನ ಓದುಗರು)

ಉತ್ತರ: ಅಮ್ಮಾ, ಈ ನಾಲ್ಕನ್ನೂ ಬ್ಯಾಗಿನಿಂದ ತೆಗೆದುಬಿಡಿ. ನೀವು ಪ್ರೀತಿಯಿಂದಲೇ ಇಟ್ಟಿದ್ದೀರಿ, ನನಗೆ ಗೊತ್ತು. ಆದರೆ ಜೇನಿನಲ್ಲಿ ಬಾಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು, ಅದನ್ನು ತಡೆಯುವ ಶಕ್ತಿ ಎಳೆ ಕರುಳಿಗೆ ಇಲ್ಲ. ಒಂದು ವರ್ಷ ತುಂಬುವ ತನಕ ಜೇನು ಬೇಡ. ಬಜೆಯೂ ಬಾಯಿಗೆ ಬೇಡ. ಕಾಡಿಗೆಯಿಂದ ಕಣ್ಣಿಗೆ ಸೋಂಕು ಬರಬಹುದು. ಮಗುವಿನ ಬಾಯಿಗೆ ಮೊದಲು ಹೋಗಬೇಕಾದದ್ದು ತಾಯಿಯ ಹಳದಿ ಹಾಲು, ಅದೂ ಒಂದು ಗಂಟೆಯೊಳಗೆ. ಅದು ಚಮಚದಷ್ಟೇ ಬಂದರೂ ಮೊದಲ ದಿನ ಮಗುವಿನ ಹೊಟ್ಟೆಗೆ ಸಾಕು. ಬಾಟಲಿ ಕಣ್ಣೆದುರು ಇದ್ದರೆ ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಕೈ ಅದಕ್ಕೇ ಹೋಗುತ್ತದೆ. ಆ ಜಾಗದಲ್ಲಿ ಮಗಳಿಗೆ ಕುಡಿಯಲು ಬಿಸಿನೀರಿನ ಫ್ಲಾಸ್ಕ್ ಇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ ಎಲ್ಲ ಉಚಿತ. 2011ರಿಂದ ಕೇಂದ್ರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಹೆಂಡತಿಯ ಹೆರಿಗೆಗೆ ರಜೆ ಸಿಗುವುದು ಅನುಮಾನ. ಇಲ್ಲಿಂದ ಏನು ಕಳಿಸಲಿ?

ಉತ್ತರ: ಸಾಮಾನು ಬೇಡ, ಒಂದು ಕಾಗದ ಕಳಿಸಿ. ಜನನ ಪ್ರಮಾಣಪತ್ರಕ್ಕೆ ಅಪ್ಪ ಅಮ್ಮನ ಹೆಸರು ಹೇಗೆ ಬರಬೇಕು ಅಂತ ಇಂಗ್ಲಿಷ್ ಮತ್ತು ಕನ್ನಡದಲ್ಲಿ ಬರೆಯಿರಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಇನಿಷಿಯಲ್ ಸಮೇತ. ಅದನ್ನು ಪ್ರಿಂಟ್ ಹಾಕಿಸಿ ಫೈಲಿನಲ್ಲಿ ಇಡಲು ಹೇಳಿ. ಗಡಿಬಿಡಿಯಲ್ಲಿ ಮನೆಯವರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. ಒಂದು ಅಕ್ಷರ ತಪ್ಪಿದರೆ ಮುಂದೆ ಮಗುವಿನ ಪಾಸ್‌ಪೋರ್ಟಿಗೆ ಅಲೆಯಬೇಕಾಗುತ್ತದೆ. ಮಗುವಿನ ಹೆಸರಿಗೆ ಅವಸರ ಇಲ್ಲ, ನೋಂದಣಿಯಾಗಿ 12 ತಿಂಗಳೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಮತ್ತೆ, ಆಪರೇಷನ್ ಬೇಕು ಅಂತ ಡಾಕ್ಟರು ಹೇಳಿದರೆ ಹೆಂಡತಿಯ ಒಪ್ಪಿಗೆ ಮುಖ್ಯ. ನಿಮ್ಮ ಫೋನ್ ಸಿಗಲಿಲ್ಲ ಅಂತ ಅಲ್ಲಿ ಯಾರೂ ಕಾಯುತ್ತಾ ಕೂರಬಾರದು. ಅದನ್ನು ಇವತ್ತೇ ಅವರಿಗೂ, ಅತ್ತೆ ಮಾವನಿಗೂ ಬಾಯಿಬಿಟ್ಟು ಹೇಳಿ.